ಫೈಲ್ 3 ಎಂಬಿ, ಮೆಮೊರಿ 48 ಎಂಬಿ: ಫೋಟೋ ತೆರೆದಾಗ ಒಳಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಜಾತ್ರೆಯ ಫೋಟೋ ತೋರಿಸಲು ಒಂದು ಚಿಕ್ಕ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೆ. ನನ್ನ ಫೋನಿನಲ್ಲಿ ಚೆನ್ನಾಗಿ ಓಡುತ್ತಿತ್ತು. ದೊಡ್ಡಪ್ಪನ ಹಳೆಯ ಫೋನಿನಲ್ಲಿ ಮಾತ್ರ ಮೂರನೇ ಫೋಟೋ ಬರುವ ಹೊತ್ತಿಗೆ ಆ್ಯಪ್ ಮುಚ್ಚಿಹೋಗುತ್ತಿತ್ತು. ಒಂದೊಂದು ಫೋಟೋ 3 ಎಂಬಿ ಆಸುಪಾಸು, ಅಷ್ಟೇ. ಆಂಡ್ರಾಯ್ಡ್ 6 ಇದ್ದ ಆ ಫೋನು ಒಂದು ಆ್ಯಪಿಗೆ 128 ಎಂಬಿ ಮೆಮೊರಿ ಕೊಡುತ್ತಿತ್ತು. ಮೂರು ಮೂರಲೆ ಒಂಬತ್ತು, 128ರಲ್ಲಿ 9 ಎಂಬಿ ಹಿಡಿಯದೆ ಹೋಗುವುದು ಹೇಗೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಅವರು ನೋಡಬೇಕು ಅಂತಿದ್ದ ತೇರಿನ ಫೋಟೋ ನಾಲ್ಕನೆಯದು. ಆಮೇಲೆ ಆ್ಯಪ್, ವೆಬ್‌ಸೈಟ್ ಮಾಡುವ ಹುಡುಗರಿಂದ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

3 ಎಂಬಿ ಫೋಟೋಗೆ 48 ಎಂಬಿ ಮೆಮೊರಿ ಯಾಕೆ ಬೇಕು?

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಪುಸ್ತಕದಲ್ಲಿ "15 ಚುಕ್ಕಿ, 15 ಸಾಲು" ಅಂತ ಒಂದೇ ಗೆರೆಯಲ್ಲಿ ಬರೆದಿರುತ್ತದೆ. ಅಂಗಳದಲ್ಲಿ ಇಡಲು ಕೂತರೆ 225 ಚುಕ್ಕಿ, ಒಂದೂ ಬಿಡುವ ಹಾಗಿಲ್ಲ. ಫೈಲ್ ಅನ್ನೋದು ಪುಸ್ತಕದ ಆ ಗೆರೆ, ಮೆಮೊರಿ ಅನ್ನೋದು ಅಂಗಳ.

ಲೆಕ್ಕ ನೋಡಿ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಸಾಮಾನ್ಯವಾಗಿ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ. ಗುಣಿಸಿದರೆ 1 ಕೋಟಿ 20 ಲಕ್ಷ ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿ. ಒಂದೊಂದು ಪಿಕ್ಸೆಲ್‌ಗೆ 4 ಬೈಟ್. ಒಟ್ಟು 4 ಕೋಟಿ 80 ಲಕ್ಷ ಬೈಟ್, ಅಂದರೆ 48 ಎಂಬಿ. ದೊಡ್ಡಪ್ಪನ ಫೋನಿನಲ್ಲಿ ಎರಡು ಫೋಟೋಗೆ 96 ಎಂಬಿ ಆಗಿತ್ತು, ಮೂರನೆಯದಕ್ಕೆ ಜಾಗವೇ ಇರಲಿಲ್ಲ. 108 ಮೆಗಾಪಿಕ್ಸೆಲ್ ಮೋಡ್‌ನಲ್ಲಿ ತೆಗೆದ 12000 × 9000ರ ಫೋಟೋ ಆದರೆ ಇದೇ ಲೆಕ್ಕದಲ್ಲಿ 432 ಎಂಬಿ ಆಗುತ್ತದೆ. ಒಂದೇ ಫೋಟೋಗೆ!

ಹಾಗಾದರೆ ಫೈಲ್ ಸೈಜಿಗೂ ಮೆಮೊರಿಗೂ ಸಂಬಂಧವೇ ಇಲ್ವಾ?

ಡಿಕೋಡ್ ಆದ, ಅಂದರೆ ಫೈಲಿನಿಂದ ಬಿಚ್ಚಿ ಮೆಮೊರಿಯಲ್ಲಿ ಇಟ್ಟ ಚಿತ್ರದ ಮಟ್ಟಿಗೆ ಇಲ್ಲ. ತುಂಬಾ ಜನ ಎಡವುವುದು ಇಲ್ಲೇ. "ಫೋಟೋ ಭಾರ ಆಯ್ತು" ಅಂತ ಯಾವುದಾದರೂ ಕಂಪ್ರೆಸ್ ಮಾಡುವ ಸೈಟಿಗೆ ಹಾಕಿ, ಕ್ವಾಲಿಟಿ 90ರಿಂದ 40ಕ್ಕೆ ಇಳಿಸಿ, 3 ಎಂಬಿ ಇದ್ದದ್ದು 800 ಕೆಬಿ ಆಯಿತು ಅಂತ ಸಮಾಧಾನ ಪಡುತ್ತಾರೆ. ಡೌನ್‌ಲೋಡ್ ಬೇಗ ಆಗುತ್ತದೆ, ನಿಜ, ಡೇಟಾ ಕೂಡ ಉಳಿಯುತ್ತದೆ. ಆದರೆ ಅಗಲ ಎತ್ತರ ಅದೇ 4000 × 3000 ಇದ್ದರೆ ಮೆಮೊರಿಯಲ್ಲಿ ಅದು ಅದೇ 48 ಎಂಬಿ. ಒಂದು ಬೈಟ್ ಕೂಡ ಕಡಿಮೆ ಆಗಿರುವುದಿಲ್ಲ, ಚಿತ್ರ ಮಾತ್ರ ಕೆಟ್ಟಿರುತ್ತದೆ.

ಇನ್ನೊಂದು ತುದಿಯ ಉದಾಹರಣೆ: 10,000 × 10,000 ಪಿಕ್ಸೆಲ್‌ನ ಪೂರ್ತಿ ಬಿಳಿ ಪಿಎನ್‌ಜಿ. ಎಲ್ಲಾ ಕಡೆ ಒಂದೇ ಬಣ್ಣ ಇರುವುದರಿಂದ ಫೈಲ್ 300 ಕೆಬಿ ಆಸುಪಾಸಿಗೆ ಮುದುಡಿಕೊಳ್ಳುತ್ತದೆ. ತೆರೆದರೆ 400 ಎಂಬಿ.

ಕೆಂಪು, ಹಸಿರು, ನೀಲಿ ಅಂದರೆ ಮೂರೇ ಅಲ್ವಾ, ನಾಲ್ಕನೇ ಬೈಟ್ ಯಾವುದು?

ಪಾರದರ್ಶಕತೆ, ಅಂದರೆ ಆಲ್ಫಾ. ಫೋಟೋದಲ್ಲಿ ಪಾರದರ್ಶಕ ಭಾಗ ಇಲ್ಲದಿದ್ದರೂ ಸಾಮಾನ್ಯವಾಗಿ ನಾಲ್ಕೇ ಬೈಟ್ ಇಡುತ್ತಾರೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗೆ ನಾಲ್ಕರ ಗುಂಪಿನಲ್ಲಿ ಓದೋದು ಸುಲಭ.

ಕಡಿಮೆ ಮಾಡಲು ದಾರಿ ಇದೆ. ಆಂಡ್ರಾಯ್ಡ್‌ನಲ್ಲಿ ಆರ್‌ಜಿಬಿ 565 ಅನ್ನೋ ಬಗೆಯಲ್ಲಿ ಪಿಕ್ಸೆಲ್‌ಗೆ 2 ಬೈಟ್ ಸಾಕು. ಆದರೆ ಸಂಜೆಯ ಆಕಾಶದಂಥ ನಯವಾದ ಬಣ್ಣಗಳಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಚಿಕ್ಕ ಐಕಾನ್‌ಗಳಿಗೆ ಪರವಾಗಿಲ್ಲ, ಒಳ್ಳೆಯ ಫೋಟೋಗೆ ನಾನು ಬೇಡ ಅಂತೀನಿ. ಎಚ್‌ಡಿಆರ್ (ಬೆಳಕು ಕತ್ತಲಿನ ಹೆಚ್ಚು ಹಂತಗಳಿರುವ) ಚಿತ್ರಗಳನ್ನು ಪೂರ್ತಿ ನಿಖರವಾಗಿ ಇಟ್ಟುಕೊಂಡರೆ ಪಿಕ್ಸೆಲ್‌ಗೆ 8 ಬೈಟ್ ಕೂಡ ಆಗುತ್ತದೆ, ಅಂದರೆ ನಮ್ಮ ಲೆಕ್ಕದ ಎರಡರಷ್ಟು.

ಜೆಪೆಗ್ ಫೈಲ್ ಒಳಗೆ ಏನಿರುತ್ತದೆ? ಡಿಕೋಡ್ ಅಂದರೆ ಏನು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಇದರಲ್ಲಿ ನಮ್ಮ ಬೆಂಗಳೂರಿನವರೊಬ್ಬರ ಕೆಲಸವೂ ಇದೆ.

ಫೈಲ್ ಒಳಗೆ ಪಿಕ್ಸೆಲ್‌ಗಳು ಇರುವುದಿಲ್ಲ. ಫೋಟೋ ಉಳಿಸುವಾಗ ಮೊದಲು ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆ ಮಾಡುತ್ತಾರೆ. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಗೊತ್ತಾಗುವಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಾಗಾಗಿ ಬಣ್ಣದ ಭಾಗವನ್ನು ಸಾಮಾನ್ಯವಾಗಿ ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿಸುತ್ತಾರೆ. ಆಮೇಲೆ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತಾರೆ. ನಮ್ಮ 4000 × 3000 ಫೋಟೋದಲ್ಲಿ ಬೆಳಕಿನ ಚೌಕಗಳೇ 1,87,500. ಪ್ರತಿ ಚೌಕಕ್ಕೂ ಡಿಸಿಟಿ ಅನ್ನೋ ಗಣಿತ ಹಾಕುತ್ತಾರೆ. ಅದು 64 ಪಿಕ್ಸೆಲ್‌ಗಳನ್ನು 64 ಬೇರೆ ಸಂಖ್ಯೆಗಳಾಗಿ ಬದಲಿಸುತ್ತದೆ: ಮೊದಲನೆಯದು ಚೌಕದ ಸರಾಸರಿ ಬೆಳಕು, ಮುಂದಿನವು ನಿಧಾನದ ಏರಿಳಿತ, ಕೊನೆಯವು ಕೂದಲು, ಎಲೆ, ಮರಳಿನಂಥ ಸೂಕ್ಷ್ಮ ವಿವರ. ಸೂಕ್ಷ್ಮ ವಿವರದ ಸಂಖ್ಯೆಗಳನ್ನು ಒರಟಾಗಿ ಭಾಗಿಸಿದಾಗ ಅವುಗಳಲ್ಲಿ ಹೆಚ್ಚಿನವು ಸೊನ್ನೆ ಆಗಿಬಿಡುತ್ತವೆ. ಸೊನ್ನೆಗಳ ಸಾಲನ್ನು ಬರೆದಿಡಲು ತುಂಬಾ ಕಡಿಮೆ ಜಾಗ ಸಾಕು. ಉಳಿದದ್ದನ್ನು ಹಫ್‌ಮನ್ ಕೋಡ್‌ನಲ್ಲಿ (ಹೆಚ್ಚು ಸಲ ಬರುವುದಕ್ಕೆ ಚಿಕ್ಕ ಗುರುತು ಕೊಡುವ ವಿಧಾನ) ಕಟ್ಟಿ ಇಡುತ್ತಾರೆ. ಡಿಕೋಡ್ ಅಂದರೆ ಇದನ್ನೇ ಹಿಂದಿನಿಂದ ಮುಂದಕ್ಕೆ ಬಿಚ್ಚುತ್ತಾ ಬಂದು, ಕೊನೆಗೆ ಅಷ್ಟೂ ಪಿಕ್ಸೆಲ್‌ಗಳನ್ನು ಅಂಗಳದಲ್ಲಿ ಇಡುವುದು.

ಡಿಸಿಟಿ ಕಂಡುಹಿಡಿದವರು ನಾಸಿರ್ ಅಹ್ಮದ್. ಹುಟ್ಟಿದ್ದು ಬೆಂಗಳೂರಿನಲ್ಲಿ, 1940ರಲ್ಲಿ. ಎಂಜಿನಿಯರಿಂಗ್ ಓದಿದ್ದು ಕೆ.ಆರ್. ಸರ್ಕಲ್ ಹತ್ತಿರದ ನಮ್ಮ ಯುವಿಸಿಇಯಲ್ಲಿ. ಅಮೆರಿಕಕ್ಕೆ ಹೋಗಿ ಕಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದಾಗ, 1972ರಲ್ಲಿ, ಈ ವಿಚಾರಕ್ಕೆ ಧನಸಹಾಯ ಕೇಳಿದರು. ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. 1992ರಲ್ಲಿ ಜೆಪೆಗ್ ಮಾನದಂಡ ಬಂದಾಗ ಅದರ ನಡುವೆ ಇದ್ದದ್ದು ಇದೇ ಗಣಿತ. ನೀವು ದಿನಾ ಫೋನಿನಲ್ಲಿ ನೋಡುವ ಪ್ರತಿಯೊಂದು ಜೆಪೆಗ್ ಫೋಟೋ ತೆರೆಯುವಾಗಲೂ ಅದು ಲಕ್ಷಗಟ್ಟಲೆ ಸಲ ನಡೆಯುತ್ತದೆ. ಬೆಂಗಳೂರಿನ ಎಂಜಿನಿಯರಿಂಗ್ ಮಕ್ಕಳಿಗೆ ಇದನ್ನು ಮೊದಲ ವರ್ಷವೇ ಹೇಳಬೇಕು ಅನ್ನೋದು ನನ್ನ ಆಸೆ.

ಕಂಪ್ರೆಸ್ ಆಗಿದ್ದ ಹಾಗೇ ನೇರವಾಗಿ ಪರದೆಗೆ ಕಳಿಸಬಾರದಾ?

ಒಳ್ಳೆಯ ಪ್ರಶ್ನೆ. ಪರದೆಗೆ ಬಣ್ಣ ಬೇಕು, ಕೋಡ್ ಬೇಡ. ಮೂರನೇ ಸಾಲಿನ ಎಂಟನೇ ಪಿಕ್ಸೆಲ್ ಯಾವ ಬಣ್ಣ ಅಂತ ಕೇಳಿದರೆ ತಕ್ಷಣ ಉತ್ತರ ಬರಬೇಕು. ಜೆಪೆಗ್‌ನಲ್ಲಿ ಒಂದೊಂದು ಚೌಕದ ಕೋಡ್ ಒಂದೊಂದು ಉದ್ದ: ಖಾಲಿ ಆಕಾಶಕ್ಕೆ ಚಿಕ್ಕದು, ಜಾತ್ರೆಯ ಜನಜಂಗುಳಿಗೆ ಉದ್ದ. ಹಾಗಾಗಿ ಐವತ್ತು ಸಾವಿರದ ಚೌಕ ಎಲ್ಲಿ ಶುರು ಆಗುತ್ತದೆ ಅಂತ ತಿಳಿಯಬೇಕಾದರೆ ಹಿಂದಿನದ್ದನ್ನೆಲ್ಲ ಓದಿಕೊಂಡೇ ಬರಬೇಕು. ಸ್ಕ್ರೋಲ್ ಮಾಡಿದಾಗಲೆಲ್ಲ, ಜೂಮ್ ಮಾಡಿದಾಗಲೆಲ್ಲ ಇದನ್ನು ಮತ್ತೆ ಮಾಡುತ್ತಾ ಕೂತರೆ ಫೋನು ಬಿಸಿ ಆಗುತ್ತದೆ, ಬ್ಯಾಟರಿ ಇಳಿಯುತ್ತದೆ, ಬೆರಳು ಒಂದು ಕಡೆ ಚಿತ್ರ ಇನ್ನೊಂದು ಕಡೆ ಆಗುತ್ತದೆ.

ಗೇಮ್ ಮಾಡುವವರ ಹತ್ತಿರ ಬೇರೆ ಉಪಾಯ ಇದೆ. ಎಎಸ್‌ಟಿಸಿ, ಇಟಿಸಿ2 ಅನ್ನೋ ಬಗೆಗಳಲ್ಲಿ ಪ್ರತಿ ಚೌಕವೂ ಒಂದೇ ಅಳತೆಯ ಬೈಟ್ ತೆಗೆದುಕೊಳ್ಳುತ್ತದೆ, ಹಾಗಾಗಿ ಬೇಕಾದ ಚೌಕಕ್ಕೆ ನೇರವಾಗಿ ಹಾರಬಹುದು, ಗ್ರಾಫಿಕ್ಸ್ ಚಿಪ್ ಅದನ್ನು ಬಿಚ್ಚದೆಯೇ ಇಟ್ಟುಕೊಂಡು ಓದುತ್ತದೆ. ಎಎಸ್‌ಟಿಸಿಯ 4 × 4 ಚೌಕಕ್ಕೆ 16 ಬೈಟ್, ಅಂದರೆ ಪಿಕ್ಸೆಲ್‌ಗೆ ಒಂದೇ ಬೈಟ್. ನಮ್ಮ 48 ಎಂಬಿ ಅಲ್ಲಿ 12 ಆಗುತ್ತದೆ. ಆದರೆ ಫೈಲ್ ಜೆಪೆಗ್‌ಗಿಂತ ದೊಡ್ಡದಾಗುತ್ತದೆ, ಹಾಗಾಗಿ ವೆಬ್‌ಸೈಟಿನ ಫೋಟೋಗಳಿಗೆ ಅದು ಹೊಂದುವುದಿಲ್ಲ.

ವೆಬ್‌ಪಿ ಅಥವಾ ಎವಿಫ್ ಅನ್ನೋ ಹೊಸ ಬಗೆಯ ಫೈಲಿಗೆ ಬದಲಾಯಿಸಿದರೆ ಮೆಮೊರಿ ಉಳಿಯುತ್ತಾ?

ಇಲ್ಲ. ಡೇಟಾ ಉಳಿಯುತ್ತದೆ, ಅದು ಒಳ್ಳೆಯದೇ, ಮಾಡಿ. ಆದರೆ ಬಿಚ್ಚಿದ ಮೇಲೆ 4000 × 3000 ಯಾವ ಫೈಲಿನಿಂದ ಬಂದರೂ 4000 × 3000ವೇ. ಐಫೋನಿನ ಎಚ್‌ಇಐಸಿಗೂ, ಪಿಎನ್‌ಜಿಗೂ ಇದೇ ಮಾತು.

ಪುಟದಲ್ಲಿ ಫೋಟೋವನ್ನು 200 ಪಿಕ್ಸೆಲ್ ಅಗಲಕ್ಕೆ ತೋರಿಸುತ್ತಿದ್ದೇನೆ. ಆಗಲೂ ಪೂರ್ತಿ ಮೆಮೊರಿ ಹೋಗುತ್ತಾ?

ಹೋಗಬಹುದು. ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸ ಬರೆಯುವ ಭಾಷೆ) ಅಗಲ 200 ಅಂತ ಬರೆದರೆ ಅದು ಪರದೆಯ ಮೇಲೆ ಎಷ್ಟು ಜಾಗದಲ್ಲಿ ಕಾಣಬೇಕು ಅನ್ನೋದಷ್ಟೇ. ಸಾಮಾನ್ಯವಾಗಿ ಮೊದಲು ಪೂರ್ತಿ ಚಿತ್ರ ಬಿಚ್ಚಬೇಕು, ಆಮೇಲೆ ಕುಗ್ಗಿಸಬೇಕು. ಕೆಲವು ಕಡೆ ಬ್ರೌಸರ್ ಜಾಣತನ ಮಾಡಿ ಉಳಿಸುತ್ತದೆ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಲೇಖಕರ ಮುಖದ ಚಿಕ್ಕ ಚಿತ್ರಕ್ಕೆ ಕ್ಯಾಮೆರಾದಿಂದ ಬಂದ ಫೈಲನ್ನೇ ಹಾಕಿರುವ ಕನ್ನಡ ಸೈಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಳೆಯ ಫೋನ್ ಇಟ್ಟುಕೊಂಡು ಓದಲು ಬಂದವರಿಗೆ ಅದರಿಂದ ಎಷ್ಟು ಕಷ್ಟ ಅಂತ ನೆನೆದರೆ ಬೇಜಾರಾಗುತ್ತದೆ.

ಡಿಕೋಡ್ ಮಾಡುವಾಗಲೇ ಚಿಕ್ಕದು ಮಾಡಬಹುದಾ?

ಮಾಡಬಹುದು. ದೊಡ್ಡಪ್ಪನ ಫೋನಿನ ಸಮಸ್ಯೆ ಬಗೆಹರಿದದ್ದೂ ಇದರಿಂದಲೇ.

ಮೇಲೆ ಹೇಳಿದ್ದು ನೆನಪಿದೆಯಲ್ಲ, 8 × 8 ಚೌಕದ ಮೊದಲ ಸಂಖ್ಯೆ ಅಂದರೆ ಅದರ ಸರಾಸರಿ. ನಿಮಗೆ ಎಂಟನೇ ಒಂದು ಅಳತೆಯ ಚಿತ್ರ ಸಾಕು ಅಂದರೆ ಆ ಒಂದು ಸಂಖ್ಯೆ ತೆಗೆದುಕೊಂಡು ಉಳಿದ 63ರ ಲೆಕ್ಕವನ್ನೇ ಬಿಡಬಹುದು. 4000 × 3000 ಚಿತ್ರ 500 × 375 ಆಗಿ ಬಿಚ್ಚಿಕೊಳ್ಳುತ್ತದೆ, ಮುಕ್ಕಾಲು ಎಂಬಿ ಮೆಮೊರಿ. ದೊಡ್ಡ ಚಿತ್ರ ಒಂದು ಕ್ಷಣಕ್ಕೂ ಹುಟ್ಟುವುದೇ ಇಲ್ಲ. ಅರ್ಧ, ಕಾಲು ಅಳತೆಗೂ ಇದೇ ಥರದ ಅಡ್ಡದಾರಿಗಳಿವೆ. ಪಿಎನ್‌ಜಿಯಲ್ಲಿ ಇದು ಆಗುವುದಿಲ್ಲ, ಅಲ್ಲಿ ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ನಿಂತಿರಬಹುದು. ಎಲ್ಲವನ್ನೂ ಬಿಚ್ಚಲೇಬೇಕು, ಬೇಡದ ಸಾಲುಗಳನ್ನು ಅಲ್ಲೇ ಎಸೆಯುತ್ತಾ ಹೋಗಬಹುದು, ಅಷ್ಟೇ.

ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಇನ್‌ಸ್ಯಾಂಪಲ್‌ಸೈಜ್ ಅನ್ನೋ ಸೆಟ್ಟಿಂಗ್ ಇದೆ. 4 ಅಂತ ಕೊಟ್ಟರೆ ಅಗಲ ಕಾಲು ಭಾಗ, ಎತ್ತರವೂ ಕಾಲು ಭಾಗ, ಹಾಗಾಗಿ ಮೆಮೊರಿ ಹದಿನಾರನೇ ಒಂದು. 48 ಎಂಬಿ 3 ಎಂಬಿಗೆ ಬಂತು. ಆ ಒಂದು ಸಾಲು ಬರೆದ ದಿನ ದೊಡ್ಡಪ್ಪನ ಫೋನಿನಲ್ಲಿ ಜಾತ್ರೆಯ ನಲವತ್ತೂ ಫೋಟೋ ಓಡಿದವು, ತೇರೂ ಕಂಡಿತು. ಈಗ ನೀವು ಆ್ಯಪ್ ಮಾಡುತ್ತಿದ್ದರೆ ಗ್ಲೈಡ್ ಅಥವಾ ಕಾಯಿಲ್‌ನಂಥ ಲೈಬ್ರರಿ ಬಳಸಿ, ಫೋಟೋ ಕೂರುವ ಜಾಗದ ಅಳತೆ ನೋಡಿಕೊಂಡು ಅವೇ ಇದನ್ನು ಮಾಡುತ್ತವೆ. ಸುಮ್ನೆ ಕೈಯಿಂದ ಬರೆಯಲು ಹೋಗಬೇಡಿ.

ಫೋನನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದು ತೆಗೆದ ಫೋಟೋಗಳಲ್ಲೇ ಜಾಸ್ತಿ ಕ್ರ್ಯಾಶ್ ಆಗುತ್ತಿದೆ, ಯಾಕೆ?

ತುಂಬಾ ಫೋನುಗಳು ಫೋಟೋವನ್ನು ಅಡ್ಡವಾಗಿಯೇ ಉಳಿಸಿ, "ಇದನ್ನು ತಿರುಗಿಸಿ ತೋರಿಸಿ" ಅಂತ ಎಕ್ಸಿಫ್‌ನಲ್ಲಿ (ಫೈಲಿನೊಳಗೆ ಫೋಟೋದ ವಿವರ ಬರೆಯುವ ಜಾಗ) ಒಂದು ಗುರುತು ಹಾಕುತ್ತವೆ. ಆ್ಯಪ್ ಬರೆದವರು ಬಿಚ್ಚಿದ ಚಿತ್ರವನ್ನು ತಿರುಗಿಸಿ ಹೊಸ ಚಿತ್ರ ಮಾಡಿದರೆ ಒಂದಷ್ಟು ಹೊತ್ತು ಹಳೆಯದೂ ಹೊಸದೂ ಎರಡೂ ಮೆಮೊರಿಯಲ್ಲಿ ಇರುತ್ತವೆ. 48 ಮತ್ತು 48, 96 ಎಂಬಿ. ಬಿಚ್ಚುವಾಗಲೇ ಚಿಕ್ಕದು ಮಾಡಿ, ಆಮೇಲೆ ತಿರುಗಿಸಿ. ಅಥವಾ ತೋರಿಸುವಾಗ ಮಾತ್ರ ತಿರುಗಿಸಲು ಗ್ರಾಫಿಕ್ಸ್ ಚಿಪ್‌ಗೆ ಬಿಡಿ, ಅದಕ್ಕೆ ಎರಡನೇ ಪ್ರತಿ ಬೇಡ.

ಅಂದಹಾಗೆ, ಆಂಡ್ರಾಯ್ಡ್ 8ರಿಂದ ಪಿಕ್ಸೆಲ್‌ಗಳು ಜಾವಾದ ಹೀಪ್‌ನಲ್ಲಿ (ಒಂದು ಆ್ಯಪಿಗೆ ಮಿತಿ ಹಾಕಿ ಕೊಡುವ ಮೆಮೊರಿ) ಇರುವುದಿಲ್ಲ, ಹೊರಗೆ ನೇಟಿವ್ ಮೆಮೊರಿಯಲ್ಲಿ ಇರುತ್ತವೆ. ಅದರಿಂದ ಹೀಪ್ ತುಂಬಿ ಬೀಳುವುದು ಕಡಿಮೆ ಆಯಿತು. ಆದರೆ ಫೋನಿನ ಒಟ್ಟು ರ್‍ಯಾಮ್ ಅಷ್ಟೇ ಅಲ್ವಾ, ಜಾಸ್ತಿ ತಿಂದರೆ ಸಿಸ್ಟಮ್ ಬೇರೆ ಆ್ಯಪ್‌ಗಳನ್ನು ಮುಚ್ಚುತ್ತದೆ, ಕೊನೆಗೆ ನಿಮ್ಮದನ್ನೂ ಮುಚ್ಚುತ್ತದೆ.

ಒಂದೇ ಪುಟದಲ್ಲಿ 40 ಫೋಟೋ ಇದ್ದರೆ ಬ್ರೌಸರ್ ಎಲ್ಲವನ್ನೂ ಒಟ್ಟಿಗೆ ಬಿಚ್ಚುತ್ತದಾ?

ಇಲ್ಲ, ಪುಣ್ಯಕ್ಕೆ. 40 × 48 ಅಂದರೆ 1,920 ಎಂಬಿ ಆಗುತ್ತಿತ್ತು. ಪರದೆಯ ಮೇಲೆ ಇರುವುದನ್ನು, ಇನ್ನೇನು ಬರಲಿರುವುದನ್ನು ಮಾತ್ರ ಬ್ರೌಸರ್ ಬಿಚ್ಚುತ್ತದೆ. ದಾಟಿಹೋದದ್ದರ ಪಿಕ್ಸೆಲ್‌ಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು ಜಾಗ ಬೇಕಾದಾಗ ಬಿಸಾಡುತ್ತದೆ, ಕಂಪ್ರೆಸ್ ಆದ ಫೈಲನ್ನು ಮಾತ್ರ ಹಾಗೇ ಇಟ್ಟುಕೊಳ್ಳುತ್ತದೆ. ನೀವು ಮತ್ತೆ ಮೇಲಕ್ಕೆ ಹೋದರೆ ಮತ್ತೆ ಬಿಚ್ಚಬೇಕು. ಜೋರಾಗಿ ಸ್ಕ್ರೋಲ್ ಮಾಡಿದಾಗ ಖಾಲಿ ಚೌಕ ಕಂಡು ಆಮೇಲೆ ಫೋಟೋ ಬರುವುದು ಯಾವಾಗಲೂ ನೆಟ್ ನಿಧಾನ ಅಂತಲ್ಲ, ಎಷ್ಟೋ ಸಲ ಡಿಕೋಡ್ ಇನ್ನೂ ಮುಗಿದಿರುವುದಿಲ್ಲ.

ಪುಟ ಮಾಡುವವರು ಲೋಡಿಂಗ್ ಲೇಜಿ ಅನ್ನೋ ಗುಣ ಹಾಕಬಹುದು. ಕ್ರೋಮ್‌ನಲ್ಲಿ ಇದು 2019ರಿಂದ ಇದೆ. ಕೆಳಗಿನ ಫೋಟೋಗಳು ಹತ್ತಿರ ಬರುವವರೆಗೆ ಡೌನ್‌ಲೋಡೇ ಆಗುವುದಿಲ್ಲ. ಜೊತೆಗೆ ಅಗಲ ಎತ್ತರ ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಫೋಟೋ ಬಂದ ಕೂಡಲೇ ಓದುತ್ತಿದ್ದ ಸಾಲು ಕೆಳಗೆ ಜಾರುತ್ತದೆ.

ಪ್ರೊಗ್ರೆಸಿವ್ ಜೆಪೆಗ್ ಒಳ್ಳೆಯದಾ?

ಮೊದಲು ಮಸುಕಾಗಿ ಕಂಡು ಆಮೇಲೆ ಸ್ಪಷ್ಟ ಆಗುವ ಬಗೆ ಅದು. ನೆಟ್ ನಿಧಾನ ಇರುವ ಕಡೆ ಓದುವವರಿಗೆ ಹಿತ. ಆದರೆ ಬಿಚ್ಚುವಾಗ ಎಲ್ಲಾ ಚೌಕಗಳ ಎಲ್ಲಾ ಸಂಖ್ಯೆಗಳನ್ನೂ ಕೊನೆಯವರೆಗೆ ಹಿಡಿದಿಟ್ಟುಕೊಳ್ಳಬೇಕು. ಬಣ್ಣ ಅರ್ಧಕ್ಕೆ ಇಳಿಸಿದ 12 ಮೆಗಾಪಿಕ್ಸೆಲ್ ಫೋಟೋಗೆ 1 ಕೋಟಿ 80 ಲಕ್ಷ ಸಂಖ್ಯೆ, ಒಂದೊಂದಕ್ಕೆ 2 ಬೈಟ್, ಒಟ್ಟು 36 ಎಂಬಿ ಹೆಚ್ಚುವರಿ. ಸಾಧಾರಣ ಜೆಪೆಗ್‌ಗೆ ಕೆಲವೇ ಸಾಲುಗಳಷ್ಟು ಜಾಗ ಸಾಕು. ಚಿಕ್ಕ ಫೋಟೋಗಳಿಗೆ ಪ್ರೊಗ್ರೆಸಿವ್ ಧಾರಾಳವಾಗಿ ಬಳಸಿ, ದೊಡ್ಡದಕ್ಕೆ ಯೋಚಿಸಿ.

ಜಿಫ್ ಚಿತ್ರಗಳು ಯಾಕಷ್ಟು ಭಾರ?

480 × 270ರ ಒಂದು ಚಿಕ್ಕ ಜಿಫ್‌ನಲ್ಲಿ 100 ಫ್ರೇಮ್ ಇದೆ ಅಂದುಕೊಳ್ಳಿ. ಎಲ್ಲವನ್ನೂ ಬಿಚ್ಚಿ ಇಟ್ಟುಕೊಂಡರೆ ಸುಮಾರು 52 ಎಂಬಿ. ಇಟ್ಟುಕೊಳ್ಳದಿದ್ದರೆ ಪ್ರತಿ ಸುತ್ತಿಗೂ ಮತ್ತೆ ಬಿಚ್ಚಬೇಕು. ವಾಟ್ಸ್ಯಾಪ್‌ನಲ್ಲಿ ಜಿಫ್ ಅಂತ ಕಳಿಸುವುದು ನಿಜಕ್ಕೂ ಒಳಗೆ ಎಂಪಿ4 ವಿಡಿಯೋ, ಅದೇ ಸರಿಯಾದ ದಾರಿ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕ ತೆರೆದರೆ ಫೋನು ನಿಂತೇ ಹೋಗುತ್ತದೆ. ಏನು ಮಾಡಲಿ?

ಎ4 ಹಾಳೆಯನ್ನು 300 ಡಿಪಿಐಯಲ್ಲಿ (ಒಂದು ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿದರೆ 2480 × 3508 ಪಿಕ್ಸೆಲ್, ಬಣ್ಣದಲ್ಲಿ ಬಿಚ್ಚಿದರೆ ಸುಮಾರು 35 ಎಂಬಿ. 600 ಡಿಪಿಐಯಲ್ಲಿ ಅದು ನಾಲ್ಕರಷ್ಟು, 139 ಎಂಬಿ ಆಸುಪಾಸು, ಒಂದೇ ಪುಟಕ್ಕೆ. ಮುಂದಿನ ಪುಟ ಬೇಗ ಬರಲಿ ಅಂತ ಆ್ಯಪ್ ಇನ್ನೊಂದು ಪುಟ ಮೊದಲೇ ಬಿಚ್ಚಿಟ್ಟುಕೊಂಡರೆ ಎರಡರಷ್ಟು.

ಹಳೆಯ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿ ಹಂಚುವವರಲ್ಲಿ ನನ್ನದೊಂದು ಕೋರಿಕೆ. 600 ಡಿಪಿಐ ಪ್ರತಿಯನ್ನು ಕಾಪಾಡಿ ಇಡಿ, ಅದು ಬೇಕೇ ಬೇಕು. ಓದಲು ಕೊಡುವ ಪ್ರತಿ ಮಾತ್ರ 200 ಡಿಪಿಐ ಸುತ್ತಮುತ್ತ ಇರಲಿ, ಅಚ್ಚಿನ ಒತ್ತಕ್ಷರ ಚೆನ್ನಾಗಿ ಕಾಣುತ್ತದಾ ಅಂತ ಒಂದು ಪುಟ ನೋಡಿಕೊಂಡು ಅಳತೆ ಗೊತ್ತುಮಾಡಿ.

ಬೇರೆಯವರು ಅಪ್‌ಲೋಡ್ ಮಾಡುವ ಚಿತ್ರ ನನ್ನ ಸರ್ವರನ್ನು ಬೀಳಿಸಬಹುದಾ?

ಬೀಳಿಸಬಹುದು. ಮೇಲಿನ ಬಿಳಿ ಪಿಎನ್‌ಜಿ ನೆನಪಿಸಿಕೊಳ್ಳಿ. "2 ಎಂಬಿಗಿಂತ ದೊಡ್ಡ ಫೈಲ್ ಬೇಡ" ಅನ್ನೋ ನಿಯಮ ಇದ್ದರೂ ಅದು ಸಲೀಸಾಗಿ ಒಳಗೆ ಬರುತ್ತದೆ. ಬೇಕಂತಲೇ ಇಂಥ ಫೈಲ್ ಮಾಡಿ ಕಳಿಸುವವರೂ ಇದ್ದಾರೆ, ಇದಕ್ಕೆ ಡಿಕಂಪ್ರೆಷನ್ ಬಾಂಬ್ ಅಂತಾರೆ.

ಅಗಲ ಎತ್ತರ ಫೈಲಿನ ತಲೆಭಾಗದಲ್ಲೇ ಬರೆದಿರುತ್ತದೆ. ಒಂದೂ ಪಿಕ್ಸೆಲ್ ಬಿಚ್ಚದೆ ಅದನ್ನು ಓದಿ, ಗುಣಿಸಿ, ಜಾಸ್ತಿ ಇದ್ದರೆ ಅಲ್ಲೇ ವಾಪಸ್ ಕಳಿಸಿ. ಪೈಥಾನ್‌ನ ಪಿಲ್ಲೋ ಲೈಬ್ರರಿ ಸುಮಾರು 8 ಕೋಟಿ 95 ಲಕ್ಷ ಪಿಕ್ಸೆಲ್ ದಾಟಿದರೆ ಎಚ್ಚರಿಕೆ ಕೊಡುತ್ತದೆ, ಅದರ ಎರಡರಷ್ಟು ದಾಟಿದರೆ ತೆರೆಯುವುದೇ ಇಲ್ಲ. 108 ಮೆಗಾಪಿಕ್ಸೆಲ್‌ನ ಫೋಟೋ ಕೂಡ ಆ ಎಚ್ಚರಿಕೆಯ ಗೆರೆ ದಾಟುತ್ತದೆ, ಹಾಗಾಗಿ ಎಚ್ಚರಿಕೆ ಬಂತು ಅಂತ ಕಳಿಸಿದವರ ಮೇಲೆ ಅನುಮಾನ ಪಡಬೇಡಿ.

ಎಷ್ಟು ಮೆಮೊರಿ ಹೋಗುತ್ತಿದೆ ಅಂತ ಎಲ್ಲಿ ನೋಡೋದು?

ಕಂಪ್ಯೂಟರಿನ ಕ್ರೋಮ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ತಲೆಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಇಮೇಜ್ ಕ್ಯಾಶ್ ಅನ್ನೋ ಕಾಲಂ ಸೇರಿಸಿಕೊಳ್ಳಿ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಜಾಗದಲ್ಲಿ ಅಬೌಟ್ ಕೋಲನ್ ಮೆಮೊರಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಚಿತ್ರಗಳ ಲೆಕ್ಕ ಬೇರೆಯಾಗಿಯೇ ಸಿಗುತ್ತದೆ. ಆ್ಯಪ್ ಮಾಡುವವರಿಗೆ ಆಂಡ್ರಾಯ್ಡ್ ಸ್ಟುಡಿಯೋದ ಪ್ರೊಫೈಲರ್ ಇದೆ.

ಕೊನೆಗೆ, ನನ್ನ ಸೈಟಿಗೆ ಫೋಟೋ ಎಷ್ಟು ಅಗಲ ಇದ್ದರೆ ಸಾಕು?

ಮೊಬೈಲ್ ಪರದೆಗಳಲ್ಲಿ ತುಂಬಾ ಕಾಣುವುದು 720 ಮತ್ತು 1080 ಪಿಕ್ಸೆಲ್ ಅಗಲ. ಲೇಖನದ ನಡುವಿನ ಫೋಟೋಗೆ 1200 ಪಿಕ್ಸೆಲ್ ಅಗಲ ಧಾರಾಳ ಆಯಿತು. 1200 × 900 ಅಂದರೆ 4.3 ಎಂಬಿ ಮೆಮೊರಿ. ಕ್ಯಾಮೆರಾದ ಫೋಟೋಗೆ ಬೇಕಾಗುತ್ತಿದ್ದ 48ರಲ್ಲಿ ಹನ್ನೊಂದನೇ ಒಂದು ಭಾಗ. ಚಿಕ್ಕ ಪಟ್ಟಿಯ ಚಿತ್ರಗಳಿಗೆ 400 ಅಗಲದ ಇನ್ನೊಂದು ಪ್ರತಿ ಮಾಡಿ, ಚಿತ್ರದ ಟ್ಯಾಗಿನ ಎಸ್‌ಆರ್‌ಸಿಸೆಟ್ ಅನ್ನೋ ಗುಣದಲ್ಲಿ ಎರಡನ್ನೂ ಕೊಡಿ, ಫೋನಿಗೆ ತಕ್ಕದ್ದನ್ನು ಬ್ರೌಸರ್ ಆರಿಸಿಕೊಳ್ಳುತ್ತದೆ. ಶಿಲ್ಪದ ಕೆತ್ತನೆಯೋ ಶಾಸನದ ಅಕ್ಷರವೋ ಹತ್ತಿರದಿಂದ ನೋಡಬೇಕು ಅನ್ನುವವರಿಗೆ ದೊಡ್ಡ ಪ್ರತಿಯ ಲಿಂಕ್ ಬೇರೆ ಇಡಿ. ಬೇಕಾದವರು ಒತ್ತಿ ತೆರೆದುಕೊಳ್ಳುತ್ತಾರೆ.